ವಸಂತದ ಮೊದಲ ಚಿಟ್ಟೆಗೆ ವಯಸ್ಸಾಗಿರುತ್ತದೆ

ಚಳಿ ಬಿಡುವ ಹೊತ್ತಿಗೆ ಮೊದಲು ಕಣ್ಣಿಗೆ ಬೀಳುವ ಚಿಟ್ಟೆ ಹೊಸದು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ವಸಂತ ಅಂದರೆ ಹೊಸ ಚಿಗುರು, ಹೊಸ ಹೂವು. ಚಿಟ್ಟೆಯೂ ಹೊಸದೇ ಇರಬೇಕು, ಅಲ್ವಾ? ಆದರೆ ಹತ್ತಿರ ಹೋಗಿ ರೆಕ್ಕೆಯ ಅಂಚು ನೋಡಿ. ಅಲ್ಲಲ್ಲಿ ಹರಿದಿರುತ್ತದೆ. ಬಣ್ಣ ಮಾಸಿರುತ್ತದೆ. ಒಮ್ಮೊಮ್ಮೆ ಹಿಂದಿನ ರೆಕ್ಕೆಯ ಒಂದು ಮೂಲೆಯೇ ಇರುವುದಿಲ್ಲ, ಯಾವುದೋ ಹಕ್ಕಿ ಕೊಕ್ಕು ಹಾಕಿದ ಗುರುತು. ಮಾರ್ಚ್ ಬಿಸಿಲಿಗೆ ಹಾರುವ ಈ ಜೀವ ಹೋದ ಬೇಸಿಗೆಯಲ್ಲಿ ಹುಟ್ಟಿದ್ದು. ಇಡೀ ಚಳಿಗಾಲ ಎಲ್ಲೋ ಮುದುರಿಕೊಂಡು ಕೂತು ದಾಟಿ ಬಂದಿದೆ. ಚಿಟ್ಟೆಗಳ ಲೆಕ್ಕದಲ್ಲಿ ಅದು ಹಣ್ಣಾದ ಮುದುಕ, ಇಲ್ಲವೇ ಮುದುಕಿ.

ಇದು ಗೊತ್ತಾದ ಮೇಲೆ ಮೊದಲ ಚಿಟ್ಟೆ ಕಾಣುವ ಖುಷಿ ನನಗೆ ಕಡಿಮೆಯೇನೂ ಆಗಲಿಲ್ಲ. ಜಾಸ್ತಿಯೇ ಆಯಿತು.

ನಾನು ಹೇಳುತ್ತಿರುವುದು ನಿಜವಾದ ಚಳಿಗಾಲ ಇರುವ ನಾಡುಗಳ ಮಾತು. ಯೂರೋಪು, ಉತ್ತರ ಅಮೆರಿಕದ ಮೇಲ್ಭಾಗ, ಅಂಥ ಕಡೆ. ಅಲ್ಲಿ ನವೆಂಬರ್ ಬಂತೆಂದರೆ ಚಿಟ್ಟೆಗಳು ಮಾಯ. ಹೋಗುವುದೆಲ್ಲಿಗೆ? ಕೆಲವು ತತ್ತಿಯಾಗಿ ಕೊಂಬೆಗೆ ಅಂಟಿಕೊಂಡಿರುತ್ತವೆ. ಹೆಚ್ಚಿನವು ಹುಳುವಾಗಿ ಹುಲ್ಲಿನ ಬುಡದಲ್ಲಿ ಮಲಗಿರುತ್ತವೆ. ಇನ್ನು ಕೆಲವು ಕೋಶದೊಳಗೆ. ಚಿಟ್ಟೆಯ ರೂಪದಲ್ಲೇ, ರೆಕ್ಕೆ ಸಮೇತ, ಚಳಿಗಾಲ ಕಳೆಯುವ ಧೈರ್ಯ ಮಾಡುವವು ತೀರಾ ಕಡಿಮೆ. ಬ್ರಿಟನ್ನಿನಲ್ಲಿ ಸುಮಾರು ಅರವತ್ತು ಜಾತಿಯ ಚಿಟ್ಟೆಗಳಿವೆ. ಅವುಗಳಲ್ಲಿ ಹೀಗೆ ಮಾಡುವವು ಬೆರಳೆಣಿಕೆಯಷ್ಟು: ಬ್ರಿಮ್‌ಸ್ಟೋನ್, ಪೀಕಾಕ್, ಸ್ಮಾಲ್ ಟಾರ್ಟಾಯ್ಸ್‌ಶೆಲ್, ಕಾಮಾ, ಈಚೆಗೆ ಸ್ವಲ್ಪ ಮಟ್ಟಿಗೆ ರೆಡ್ ಅಡ್ಮಿರಲ್. ಅಮೆರಿಕದ ಕಡೆ ಹೋದರೆ ಮೋರ್ನಿಂಗ್ ಕ್ಲೋಕ್. ನೆಲದ ಮೇಲೆ ಹಿಮ ಇನ್ನೂ ತೇಪೆ ತೇಪೆಯಾಗಿ ಉಳಿದಿರುವಾಗಲೇ ಅದು ಮರದ ತೊಗಟೆಯ ಸಂದಿಯಿಂದ ಹೊರಗೆ ಬಂದುಬಿಡುತ್ತದೆ. ಹೂವಿಗೆ ಕಾಯುವ ಗೊಡವೆಯೂ ಇಲ್ಲ. ಓಕ್ ಮರದ ಗಾಯದಿಂದ ಒಸರುವ ರಸ ಕುಡಿದೇ ಬದುಕುತ್ತದೆ.

ನನ್ನ ಒಲವು ಮಾತ್ರ ಬ್ರಿಮ್‌ಸ್ಟೋನ್ ಕಡೆಗೆ. ಗಂಡು ಗಂಧಕದ ಹಳದಿ, ದೂರದಿಂದಲೇ ಗೊತ್ತಾಗುತ್ತದೆ. ಹೆಣ್ಣು ಹಸಿರು ಬೆರೆತ ಬಿಳಿ, ಅದನ್ನು ಬೇರೆ ಬಿಳಿ ಚಿಟ್ಟೆ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಗಂಡೇ ಮೊದಲು ಏಳುತ್ತದೆ. ಬೋಳು ಬೇಲಿಯುದ್ದಕ್ಕೂ ಅತ್ತಿಂದಿತ್ತ ಹಾರುತ್ತಾ ಹೋಗುತ್ತದೆ, ಏನೋ ಕಳೆದುಕೊಂಡವರಂತೆ ಪ್ರತಿ ಪೊದೆಯನ್ನೂ ಇಣುಕುತ್ತದೆ. ಹುಡುಕುವುದು ಹೆಣ್ಣನ್ನು. ಬ್ರಿಮ್‌ಸ್ಟೋನ್ ಕೂತಾಗ ರೆಕ್ಕೆ ಬಿಚ್ಚುವುದೇ ಇಲ್ಲ. ಎರಡನ್ನೂ ಬೆನ್ನ ಮೇಲೆ ಮುಚ್ಚಿಕೊಂಡು, ಇಡೀ ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಿಸಿಲು ರೆಕ್ಕೆಯ ಅಗಲಕ್ಕೆ ನೇರ ಬೀಳುವ ಹಾಗೆ ಮಾಡಿಕೊಳ್ಳುತ್ತದೆ. ಆಗ ಬಗ್ಗಿ ನೋಡಬೇಕು. ರೆಕ್ಕೆಯ ತುದಿ ಎಲೆಯ ತುದಿಯಂತೆ ಚೂಪು. ನರಗಳು ಉಬ್ಬಿವೆ. ಪ್ರತಿ ರೆಕ್ಕೆಯ ನಡುವೆ ಒಂದು ಸಣ್ಣ ಕಂದು ಚುಕ್ಕೆ, ಎಲೆಗೆ ರೋಗ ತಗುಲಿದಾಗ ಆಗುವ ಕಲೆಯ ಥರ. ಚಳಿಗಾಲವಿಡೀ ಐವಿ ಬಳ್ಳಿಯ ಎಲೆಗಳ ಮಧ್ಯೆ ನೇತಾಡಿಕೊಂಡು, ಹಕ್ಕಿಗಳ ಕಣ್ಣಿಗೆ ಬೀಳದೆ ಉಳಿದಿದ್ದು ಈ ವೇಷದಿಂದಲೇ. ಇಬ್ಬನಿ ಹೆಪ್ಪುಗಟ್ಟುತ್ತದೆ, ಮಳೆ ಹೊಡೆಯುತ್ತದೆ, ಹಿಮ ಬೀಳುತ್ತದೆ. ಅದು ಅಲ್ಲೇ ಇರುತ್ತದೆ.

ಹೆಪ್ಪುಗಟ್ಟಿ ಸಾಯುವುದಿಲ್ಲವೇ? ಎಲ್ಲರೂ ಮೊದಲು ಕೇಳುವುದು ಇದನ್ನೇ. ಇಂಥ ಕೀಟಗಳು ಚಳಿಗಾಲಕ್ಕೆ ತಯಾರಾಗುವ ರೀತಿ ಸ್ವಾರಸ್ಯವಾಗಿದೆ. ಮೊದಲು ಹೊಟ್ಟೆ ಖಾಲಿ ಮಾಡಿಕೊಳ್ಳುತ್ತವೆ. ಕರುಳಲ್ಲಿ ಆಹಾರದ ಚೂರು ಉಳಿದಿದ್ದರೆ ಅದರ ಸುತ್ತ ಮಂಜುಗಡ್ಡೆಯ ಹರಳು ಕಟ್ಟಲು ಶುರುವಾಗುತ್ತದೆ. ಆಮೇಲೆ ಮೈಯ ದ್ರವದಲ್ಲಿ ಗ್ಲಿಸರಾಲ್‌ನಂಥ ವಸ್ತು, ಸಕ್ಕರೆಯ ಅಂಶ ಹೆಚ್ಚಾಗುತ್ತವೆ. ಹಾಗಾಗಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋದರೂ ಒಳಗಿನ ದ್ರವ ಗಟ್ಟಿಯಾಗುವುದಿಲ್ಲ. ಮೊಟ್ಟೆ ಬೆಳೆಸುವ ಕೆಲಸವನ್ನೂ ಹೆಣ್ಣು ನಿಲ್ಲಿಸಿಬಿಡುತ್ತದೆ. ಆ ಖರ್ಚು ವಸಂತಕ್ಕೆ. ಉಳಿಯುವುದು ಬೇಸಿಗೆಯಲ್ಲಿ ಕುಡಿದ ಮಕರಂದದಿಂದ ಕೂಡಿಟ್ಟ ಕೊಬ್ಬು ಒಂದೇ. ಅದರ ಮೇಲೆ ಆರು ತಿಂಗಳು ತಳ್ಳಬೇಕು.

ಹೀಗಿರುವಾಗ ಅವಕ್ಕೆ ಕೊರೆಯುವ ಚಳಿಗಿಂತ ಬೆಚ್ಚಗಿನ ಚಳಿಗಾಲವೇ ಹೆಚ್ಚು ಕಷ್ಟ. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಚಳಿ ಜೋರಿದ್ದರೆ ಮೈ ಪೂರ್ತಿ ತಣ್ಣಗಾಗಿ, ಒಳಗಿನ ವ್ಯವಹಾರವೆಲ್ಲ ನಿಧಾನವಾಗುತ್ತದೆ. ಬೆಚ್ಚಗಿದ್ದರೆ ಬತ್ತಿ ಏರಿಸಿಟ್ಟ ದೀಪದ ಹಾಗೆ, ಎಣ್ಣೆ ಬೇಗ ಮುಗಿಯುತ್ತದೆ. ತೇವ ಜಾಸ್ತಿಯಾದರೆ ಬೂಷ್ಟು ಹತ್ತುತ್ತದೆ. ಜನವರಿಯಲ್ಲಿ ಒಂದು ದಿನ ಬಿಸಿಲು ಚೆನ್ನಾಗಿ ಬಿತ್ತು ಅಂತ ಎದ್ದು ಹಾರಿದರೆ, ಕುಡಿಯಲು ಎಲ್ಲೂ ಒಂದು ಹೂವಿರುವುದಿಲ್ಲ. ಚಳಿಗಾಲದ ನಡುವೆ ಚಿಟ್ಟೆ ಕಂಡಿತೆಂದು ಸಂಭ್ರಮದಿಂದ ಫೋಟೋ ಹಾಕುವವರನ್ನು ನೋಡಿದಾಗ ನನಗೆ ಸುಮ್ನೆ ಹೊಟ್ಟೆಯೊಳಗೆ ಸಂಕಟ. ಆ ಚಿಟ್ಟೆ ಕೂಡಿಟ್ಟದ್ದನ್ನು ಖರ್ಚು ಮಾಡುತ್ತಾ ಹಾರುತ್ತಿರುತ್ತದೆ.

ಮನೆಯೊಳಗೆ ಸೇರಿಕೊಳ್ಳುವ ಟಾರ್ಟಾಯ್ಸ್‌ಶೆಲ್‌ಗಳ ಪಾಡು ಇನ್ನೂ ಕೆಟ್ಟದ್ದು. ಆಗಸ್ಟ್ ಹೊತ್ತಿಗೆ ತಂಪಾದ ಕತ್ತಲೆ ಮೂಲೆ ಸಿಕ್ಕಿತೆಂದು ಅಟ್ಟದಲ್ಲೋ ಪರದೆಯ ಮಡಿಕೆಯಲ್ಲೋ ಬಂದು ಕೂರುತ್ತವೆ. ಅವಕ್ಕೇನು ಗೊತ್ತು, ಡಿಸೆಂಬರ್‌ನಲ್ಲಿ ಇವರು ಹೀಟರ್ ಹಚ್ಚುತ್ತಾರೆ ಅಂತ. ಹೀಟರ್ ಹಚ್ಚಿದ ಕೂಡಲೇ ವಸಂತ ಬಂತೆಂದು ಎದ್ದು ಕಿಟಕಿ ಗಾಜಿಗೆ ಬಡಿದುಕೊಳ್ಳುತ್ತವೆ. ಪಾಪ ಅಂತ ಕಿಟಕಿ ತೆಗೆದು ಹೊರಗೆ ಬಿಡಬೇಡಿ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ತಂಪಾದ ಜಾಗದಲ್ಲಿ ಅರ್ಧ ಗಂಟೆ ಇಟ್ಟರೆ ಶಾಂತವಾಗುತ್ತದೆ. ಆಮೇಲೆ ಹೀಟರ್ ಇಲ್ಲದ ಷೆಡ್‌ನ ಗೋಡೆಯ ಮೇಲೆ ಮೆಲ್ಲಗೆ ಕೂರಿಸಬಹುದು. ಚಳಿ ಬಿಟ್ಟಾಗ ಹೊರಗೆ ಹೋಗಲು ಷೆಡ್‌ನಲ್ಲಿ ಒಂದು ಸಂದಿ ಇರಬೇಕು, ಅಷ್ಟೇ.

ಪೀಕಾಕ್ ಚಿಟ್ಟೆಯ ವಿಷಯಕ್ಕೆ ಬಂದರೆ ನಾನು ಬೇಗ ನಿಲ್ಲಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ರೆಕ್ಕೆ ಮುಚ್ಚಿದಾಗ ಅದು ಸುಟ್ಟ ಸೌದೆ ಚೂರು. ಕಪ್ಪು, ಒರಟು, ಯಾರೂ ಎರಡನೇ ಸಲ ನೋಡುವುದಿಲ್ಲ. ಟೊಳ್ಳು ಮರದೊಳಗೆ, ಹಳೇ ಕೊಟ್ಟಿಗೆಯ ಜಂತಿಯ ಮೇಲೆ ಹಾಗೆ ಚಳಿಗಾಲ ಕಳೆಯುತ್ತದೆ. ಯಾರಾದರೂ ಕೆಣಕಿದರೆ ತಟ್ಟನೆ ರೆಕ್ಕೆ ಬಿಚ್ಚುತ್ತದೆ. ಇಟ್ಟಿಗೆಗೆಂಪು ಹಿನ್ನೆಲೆಯಲ್ಲಿ ನಾಲ್ಕು ದೊಡ್ಡ ಕಣ್ಣು. ಜೊತೆಗೆ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಬುಸ್ ಅಂತ ಸದ್ದು. ಹತ್ತಿರವಿದ್ದರೆ ನಮ್ಮ ಕಿವಿಗೂ ಕೇಳುತ್ತದೆ. 2005ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. ಬ್ಲೂ ಟಿಟ್ ಎಂಬ ಪುಟ್ಟ ಹಕ್ಕಿಗಳ ಮುಂದೆ ಪೀಕಾಕ್‌ಗಳನ್ನು ಬಿಟ್ಟರು. ಕೆಲವು ಚಿಟ್ಟೆಗಳ ಕಣ್ಣಿನ ಗುರುತುಗಳಿಗೆ ಬಣ್ಣ ಬಳಿದು ಮುಚ್ಚಿದ್ದರು, ಕೆಲವನ್ನು ಹಾಗೇ ಬಿಟ್ಟಿದ್ದರು. ಕಣ್ಣು ಇದ್ದ 34 ಚಿಟ್ಟೆಗಳಲ್ಲಿ ಹಕ್ಕಿಯ ಪಾಲಾಗಿದ್ದು ಒಂದೇ ಒಂದು. ಕಣ್ಣು ಮುಚ್ಚಿದ್ದ 20ರಲ್ಲಿ 13 ಸತ್ತವು. ಸದ್ದು ಮಾಡುವುದನ್ನು ತಪ್ಪಿಸಿದರೂ ಹಕ್ಕಿಯ ಮುಂದೆ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ಹಾಗಾದರೆ ಆ ಬುಸ್ ಸದ್ದು ಯಾಕೆ? ಚಳಿಗಾಲದ ಕತ್ತಲೆ ಬಿಲದಲ್ಲಿ ಬರುವ ಶತ್ರು ಹಕ್ಕಿಯಲ್ಲ, ಇಲಿ. ಅಲ್ಲಿ ಕಣ್ಣಿನ ಚಿತ್ರ ಕಾಣುವುದಿಲ್ಲ. ಸದ್ದು ಕೇಳುತ್ತದೆ. ಅದಕ್ಕೆ ಇಲಿಗಳು ಬೆಚ್ಚಿ ಹಿಂದೆ ಸರಿಯುವುದನ್ನೂ ಆಮೇಲೆ ಪ್ರಯೋಗ ಮಾಡಿ ತೋರಿಸಿದರು. ಮೈಯೆಲ್ಲ ಮರಗಟ್ಟಿ ಹಾರಲೂ ಆಗದ ಸ್ಥಿತಿಯಲ್ಲಿ ಕೂತಿರುವ ಒಂದು ಚಿಟ್ಟೆ, ಕತ್ತಲಲ್ಲಿ ಇಲಿಯನ್ನು ಗದರಿಸುತ್ತದೆ. ಮಾರ್ಚ್‌ನಲ್ಲಿ ನಮ್ಮ ಮುಂದೆ ಬಂದು ಕೂರುವುದು ಹೀಗೆಲ್ಲ ಗದರಿಸಿ ಉಳಿದುಕೊಂಡ ಪ್ರಾಣಿ.

ನೋಡಬೇಕೆಂದರೆ ಎಲ್ಲಿ, ಯಾವಾಗ? ತಾರೀಖಿಗಿಂತ ಬಿಸಿಲು, ಗಾಳಿ, ಗೋಡೆ ಈ ಮೂರನ್ನು ನಂಬಿ. ಚಿಟ್ಟೆ ಹಾರಬೇಕಾದರೆ ಎದೆಯ ಸ್ನಾಯುಗಳು ಸುಮಾರು 30 ಡಿಗ್ರಿಗೆ ಬಿಸಿಯಾಗಬೇಕು. ಹೊರಗೆ ಹನ್ನೆರಡೋ ಹದಿಮೂರೋ ಡಿಗ್ರಿ ಇರುವಾಗ ಉಳಿದದ್ದನ್ನು ಬಿಸಿಲಿನಿಂದಲೇ ಗಿಟ್ಟಿಸಿಕೊಳ್ಳಬೇಕು. ಅದಕ್ಕೇ ಗಾಳಿ ತಾಗದ, ದಕ್ಷಿಣಕ್ಕೆ ಮುಖ ಮಾಡಿದ ಜಾಗ ಹುಡುಕುತ್ತವೆ. ಕಲ್ಲುಗೋಡೆ, ಬರಿ ಮಣ್ಣಿನ ದಿಬ್ಬ, ಒಣಗಿದ ಎಲೆ ರಾಶಿ, ಕಾಡಿನ ಅಂಚಿನ ಕಾಲುದಾರಿ. ಪೀಕಾಕ್, ಟಾರ್ಟಾಯ್ಸ್‌ಶೆಲ್, ಕಾಮಾ ಮೂರೂ ನೆಲಕ್ಕೆ ಹೊಟ್ಟೆ ಒತ್ತಿ, ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಪೂರ್ತಿ ಹರಡಿ ಕೂರುತ್ತವೆ. ರೆಕ್ಕೆಯ ಬುಡದಲ್ಲಿ, ಮೈಮೇಲೆ ದಟ್ಟವಾದ ಕೂದಲಿರುತ್ತದೆ, ಬಿಸಿ ಹಿಡಿದಿಡಲು. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಹೋದರೆ ಸಾಕು. ಬೆಳಿಗ್ಗೆ ಆರಕ್ಕೆ ಎದ್ದು ಓಡುವ ಹಕ್ಕಿ ವೀಕ್ಷಕರ ಮುಂದೆ ಚಿಟ್ಟೆ ನೋಡುವವರು ಸುಖಜೀವಿಗಳು ಅಂತ ನಾನು ಹೇಳುವುದುಂಟು. ಹೂವೆಂದರೆ ವಿಲ್ಲೋ ಗಿಡದ ಹಳದಿ ಗೊಂಚಲು, ಡ್ಯಾಂಡೆಲಿಯನ್, ಎಲೆ ಬರುವ ಮೊದಲೇ ಬಿಳಿ ಹೂವು ಹೊದೆಯುವ ಬ್ಲ್ಯಾಕ್‌ಥಾರ್ನ್. ಇವುಗಳ ಹತ್ತಿರ ನಿಂತರೆ ಸಾಕು. ನಿಮ್ಮ ನೆರಳು ಮಾತ್ರ ಚಿಟ್ಟೆಯ ಮೇಲೆ ಬೀಳಬಾರದು. ನೆರಳು ಬಿತ್ತೋ, ಹಾರಿಹೋಯಿತು.

ಮಧ್ಯಾಹ್ನ ಕಳೆದ ಮೇಲೆ ಗಂಡುಗಳ ಜಗಳ ಶುರು. ಒಂದೊಂದು ಪೀಕಾಕ್ ಒಂದೊಂದು ಬೇಲಿಯ ಮೂಲೆ ಹಿಡಿದು ಕೂರುತ್ತದೆ, ಬಂದವರನ್ನೆಲ್ಲ ಅಟ್ಟುತ್ತದೆ. ಅದರ ತಲೆಯ ಮೇಲೆ ಒಂದು ಸಣ್ಣ ಕಡ್ಡಿ ಎಸೆದು ನೋಡಿ, ಅದನ್ನೂ ಅಟ್ಟಿಸಿಕೊಂಡು ಹೋಗುತ್ತದೆ. ಟಾರ್ಟಾಯ್ಸ್‌ಶೆಲ್ ಗಂಡಿನ ದಾರಿ ಬೇರೆ. ಹೆಣ್ಣಿನ ಹಿಂದೆ ಕೂತು ತನ್ನ ಮೀಸೆಗಳಿಂದ ಅವಳ ಹಿಂದಿನ ರೆಕ್ಕೆಯನ್ನು ಟಪಟಪ ಬಡಿಯುತ್ತದೆ. ಗಾಳಿ ಇಲ್ಲದ ದಿನ, ಪಕ್ಕದಲ್ಲೇ ಕೂತಿದ್ದರೆ ಆ ಸದ್ದು ಸಣ್ಣಗೆ ಕೇಳುತ್ತದೆ. ಗಂಟೆಗಟ್ಟಲೆ ಹೀಗೆ ನಡೆದು, ಸಂಜೆಗೆ ಎರಡೂ ತುರಿಕೆ ಗಿಡದ ಮೆಳೆಯೊಳಗೆ ನಡೆದುಕೊಂಡೇ ಹೋಗಿಬಿಡುತ್ತವೆ.

ಮೊದಲ ಚಿಟ್ಟೆಯ ದಿನ ಬರೆದಿಡುವ ಚಟ ಹಳೆಯದು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬ ಜಮೀನುದಾರ 1736ರಿಂದ ವಸಂತದ ಗುರುತುಗಳನ್ನು ಬರೆಯತೊಡಗಿದ. ಯಾವ ಮರ ಯಾವಾಗ ಚಿಗುರಿತು, ಕೋಗಿಲೆ ಯಾವಾಗ ಕೂಗಿತು, ಕಪ್ಪೆ ಯಾವಾಗ ವಟಗುಟ್ಟಿತು. ಒಟ್ಟು 27 ಗುರುತುಗಳು. ಅವುಗಳಲ್ಲಿ ಒಂದು 'ಹಳದಿ ಚಿಟ್ಟೆ'. ಅದು ನಮ್ಮ ಬ್ರಿಮ್‌ಸ್ಟೋನ್. ಅವನು 1797ರಲ್ಲಿ ತೀರಿಕೊಂಡ ಮೇಲೂ ಮಕ್ಕಳು ಮೊಮ್ಮಕ್ಕಳು ಬರೆಯುವುದನ್ನು ಬಿಡಲಿಲ್ಲ. ಕೊನೆಯ ದಾಖಲೆ 1958ರದ್ದು. ನಡುವೆ ಒಂದಿಷ್ಟು ವರ್ಷ ಬಿಟ್ಟುಹೋಗಿದ್ದರೂ ಒಂದೇ ಮನೆತನ, ಒಂದೇ ಊರು, ಇನ್ನೂರು ವರ್ಷಕ್ಕೂ ಮೇಲಿನ ಲೆಕ್ಕ. ಹವಾಮಾನದ ಬಗ್ಗೆ ಕೆಲಸ ಮಾಡುವವರಿಗೆ ಅದು ಇವತ್ತೂ ಬೇಕು.

ಆದರೆ ಈ 'ಮೊದಲ ದಿನ' ಅನ್ನುವುದು ಸ್ವಲ್ಪ ಮೋಸದ ಅಂಕಿ. ನೋಡುವ ಕಣ್ಣು ಹೆಚ್ಚಾದರೆ ಮೊದಲ ದಿನ ತಾನಾಗಿ ಹಿಂದಕ್ಕೆ ಹೋಗುತ್ತದೆ. ಚಿಟ್ಟೆಯ ಸಂಖ್ಯೆ ಹೆಚ್ಚಾದರೂ ಅಷ್ಟೇ, ನೂರರಲ್ಲಿ ಎಲ್ಲರಿಗಿಂತ ಮೊದಲು ಏಳುವುದಕ್ಕಿಂತ ಸಾವಿರದಲ್ಲಿ ಮೊದಲು ಏಳುವುದು ಬೇಗ ಎದ್ದಿರುತ್ತದೆ. ಹಾಗೇ ಅಪರೂಪವಾದ ಜಾತಿ ಸುಮ್ನೆ ತಡವಾಗಿ ಬಂದಂತೆ ಕಾಣುತ್ತದೆ. ಅದಕ್ಕೇ ವಿಜ್ಞಾನಿಗಳು ಮೊದಲ ಚಿಟ್ಟೆಗಿಂತ ಇಡೀ ಹಾರಾಟದ ಅವಧಿಯ ಸರಾಸರಿ ದಿನವನ್ನು ನಂಬುತ್ತಾರೆ. ಬ್ರಿಟನ್ನಿನಲ್ಲಿ 1976ರಿಂದ ನಡೆಯುತ್ತಿರುವ ಚಿಟ್ಟೆ ಗಣತಿಗೆ ಪರಿಸರ ವಿಜ್ಞಾನಿ ಅರ್ನಿ ಪೊಲಾರ್ಡ್ ರೂಪಿಸಿದ ಸರಳ ಕ್ರಮವಿದೆ. ಗೊತ್ತಾದ ದಾರಿಯಲ್ಲಿ ವಾರಕ್ಕೊಮ್ಮೆ ಒಂದೇ ಹದವಾಗಿ ನಡೆಯಬೇಕು. ಐದು ಮೀಟರ್ ಅಗಲದೊಳಗೆ ಕಂಡದ್ದನ್ನು ಎಣಿಸಬೇಕು. 13 ಡಿಗ್ರಿಗಿಂತ ಕಡಿಮೆಯಿದ್ದರೆ ಎಣಿಸುವ ಹಾಗಿಲ್ಲ. ಗಣತಿ ಶುರುವಾಗುವುದು ಏಪ್ರಿಲ್ 1ಕ್ಕೆ. ಅಷ್ಟರಲ್ಲಿ ನಮ್ಮ ಮುದುಕರು ಎದ್ದು ವಾರಗಳೇ ಕಳೆದಿರುತ್ತವೆ! ಅವರ ಮೊದಲ ಹಾರಾಟ ಲೆಕ್ಕದ ಪುಸ್ತಕಕ್ಕೆ ಸೇರುವುದೇ ಇಲ್ಲ. ನನಗೇನೋ ಇದು ಒಂಥರಾ ಇಷ್ಟ.

ಚಳಿಗಾಲ ಕಳೆದ ಹಳೇ ಚಿಟ್ಟೆಯ ಮೊದಲ ದಿನ ಹೇಳುವುದು ಇಷ್ಟೇ: ಆವತ್ತು ಬಿಸಿಲು ಬಿತ್ತು. ನಿಜವಾಗಿ ಈ ವರ್ಷದ್ದೇ ಆದ ಚಿಟ್ಟೆ ಬೇಕೆಂದರೆ ಆರೆಂಜ್ ಟಿಪ್‌ಗೆ ಕಾಯಬೇಕು. ಅದು ಚಳಿಗಾಲ ಕಳೆಯುವುದು ಕೋಶವಾಗಿ. ಕೋಶ ನೋಡಿದರೆ ಥೇಟ್ ಒಂದು ಮುಳ್ಳು. ಕೋಶದೊಳಗಿನ ಗಡಿಯಾರಕ್ಕೆ ಒಂದು ದಿನದ ಬಿಸಿಲು ಸಾಲುವುದಿಲ್ಲ. ಮೊದಲು ಸಾಕಷ್ಟು ಕಾಲ ಚಳಿ ತಿಂದಿರಬೇಕು, ಆಮೇಲೆ ವಾರಗಟ್ಟಲೆ ಬಿಸಿ ಸೇರಬೇಕು. ಹಾಗಾಗಿ ಅದು ಎದ್ದ ದಿನಕ್ಕೆ ಬೆಲೆ ಇದೆ. ಏಪ್ರಿಲ್‌ನಲ್ಲಿ ಬಿಳಿ ರೆಕ್ಕೆಯ ತುದಿಗೆ ಕಿತ್ತಳೆ ಬಣ್ಣ ಹಚ್ಚಿಕೊಂಡ ಗಂಡು ದಾರಿಯಂಚಿನಲ್ಲಿ ಹಾರಿದಾಗ ಪಕ್ಕದಲ್ಲೇ ಒಂದು ಹಳೇ ಬ್ರಿಮ್‌ಸ್ಟೋನ್ ಇದ್ದರೆ ಎರಡನ್ನೂ ಒಟ್ಟಿಗೆ ನೋಡಿ. ಒಂದರ ರೆಕ್ಕೆಯ ಅಂಚಿನ ಕೂದಲೂ ಉದುರಿಲ್ಲ. ಇನ್ನೊಂದರ ಅಂಚೇ ಇಲ್ಲ. ಆರೆಂಜ್ ಟಿಪ್ ಹೆಣ್ಣಿಗೆ ಆ ಕಿತ್ತಳೆ ಇರುವುದಿಲ್ಲ. ಅವಳು ಒಂದು ಹೂಗೊಂಚಲಿಗೆ ಸಾಮಾನ್ಯವಾಗಿ ಒಂದೇ ತತ್ತಿ ಇಟ್ಟು ಮುಂದೆ ಹೋಗುತ್ತಾಳೆ. ಎರಡಿದ್ದರೆ ಮೊದಲು ಹೊರಬಂದ ಹುಳು ಇನ್ನೊಂದನ್ನು ತಿಂದುಹಾಕುತ್ತದೆ.

ವಸಂತಗಳು ಬೇಗ ಬರುತ್ತಿವೆ, ಚಿಟ್ಟೆಗಳೂ ಜಾಗ ಬದಲಿಸುತ್ತಿವೆ. 1999ರಲ್ಲಿ ಜೀವವಿಜ್ಞಾನಿ ಕಮೀಲ್ ಪಾರ್ಮೆಸಾನ್ ಮತ್ತು ಸಂಗಡಿಗರು ಯೂರೋಪಿನ ವಲಸೆ ಹೋಗದ 35 ಜಾತಿಗಳ ನೆಲೆಗಳನ್ನು ಹಳೇ ದಾಖಲೆಗಳ ಜೊತೆ ಹೋಲಿಸಿದರು. ಶೇಕಡ 63ರಷ್ಟು ಜಾತಿಗಳು ಇಪ್ಪತ್ತನೇ ಶತಮಾನದಲ್ಲಿ 35ರಿಂದ 240 ಕಿಲೋಮೀಟರ್ ಉತ್ತರಕ್ಕೆ ಸರಿದಿದ್ದವು. ಹರಿದ ಅಂಚಿನ ಕಾಮಾ ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೇಲ್ಸ್ ಗಡಿಯ ಸುತ್ತಮುತ್ತ ಮಾತ್ರ ಉಳಿದುಕೊಂಡಿತ್ತು. ಈಗ ಸ್ಕಾಟ್ಲೆಂಡಿನಲ್ಲೂ ಹಾರುತ್ತದೆ. ಅಂದ ಹಾಗೆ, ಕಾಮಾದ ಅಂಚು ಹರಿದದ್ದು ವಯಸ್ಸಿನಿಂದಲ್ಲ, ಹುಟ್ಟುವಾಗಲೇ ಹಾಗೆ. ಅದರ ವಯಸ್ಸು ಹೇಳುವುದಕ್ಕೆ ಬಣ್ಣವನ್ನೇ ನೋಡಬೇಕು.

ಮೇ ಹೊತ್ತಿಗೆ ಹಳೇ ಬ್ರಿಮ್‌ಸ್ಟೋನ್ ಹೆಣ್ಣು ಬಕ್‌ಥಾರ್ನ್ ಗಿಡ ಹುಡುಕಿಕೊಂಡು ಅಲೆಯುತ್ತಿರುತ್ತದೆ. ಬೇರೆ ಗಿಡ ಆಗುವುದಿಲ್ಲ. ಮೊಗ್ಗಿನ ಪಕ್ಕ, ಎಳೆ ಎಲೆಯ ಕೆಳಗೆ ಒಂದೊಂದೇ ತತ್ತಿ ಅಂಟಿಸುತ್ತದೆ. ಜೂನ್‌ನಲ್ಲೂ ಒಂದೆರಡು ಕಾಣಿಸುವುದುಂಟು, ಆ ಹೊತ್ತಿಗೆ ರೆಕ್ಕೆ ಅನ್ನುವುದು ಹೆಸರಿಗಷ್ಟೇ. ಆಮೇಲೆ ಸ್ವಲ್ಪ ದಿನ ಯಾವುದೂ ಇಲ್ಲ. ಜುಲೈ ಕೊನೆಗೆ ಮಕ್ಕಳು ಬರುತ್ತವೆ, ಮೈಮೇಲೆ ಒಂದು ಗೀರಿಲ್ಲದೆ. ಅವಕ್ಕೆ ಗಂಡು ಹೆಣ್ಣಿನ ಗೊಡವೆಯಿಲ್ಲ, ಜಗಳವಿಲ್ಲ. ದಿನವಿಡೀ ಥಿಸಲ್ ಎಂಬ ಮುಳ್ಳು ಗಿಡದ ಹೂವಿಗೆ ಅಂಟಿಕೊಂಡು ಕುಡಿಯುವುದೊಂದೇ ಕೆಲಸ. ಕೊಬ್ಬು ಕೂಡಿಡಬೇಕಲ್ಲ. ಹಾಗಾಗಿ ಬರುವ ವಸಂತದ ಮೊದಲ ಚಿಟ್ಟೆ ನೋಡುವ ಆತುರವಿದ್ದವರು ಮಾರ್ಚ್‌ವರೆಗೆ ಕಾಯಬೇಕಾಗಿಲ್ಲ. ಆಗಸ್ಟ್‌ನಲ್ಲೇ ಹೋಗಿ ಭೇಟಿ ಮಾಡಿ ಬರಬಹುದು. ಹೋದಾಗ ಆ ಮುಳ್ಳು ಗಿಡಗಳನ್ನು ಕಳೆ ಅಂತ ಯಾರೂ ಕತ್ತರಿಸದ ಹಾಗೆ ನೋಡಿಕೊಂಡರೆ ಇನ್ನೂ ಒಳ್ಳೆಯದು.